ಮೂರಂಕಿಯ ರಸ್ತೆಗಳು

ಪೆಗೊ ಊರಿನ ಕೊನೆಯ ಕಿತ್ತಳೆ ತೋಟ ದಾಟಿದ ಮೇಲೆ ರಸ್ತೆ ಬೆಟ್ಟ ಹತ್ತತೊಡಗುತ್ತದೆ. ಮೊದಲ ಒಂದೆರಡು ತಿರುವಿನವರೆಗೂ ಊರಿನ ಸದ್ದು ಬೆನ್ನಿಗಿರುತ್ತದೆ: ಯಾರದೋ ಮೊಪೆಡ್ಡು, ನಾಯಿಯ ಬೊಗಳು, ಚರ್ಚಿನ ಗಂಟೆ. ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಅದೆಲ್ಲ ನಿಂತು, ಚೈನು ಹಲ್ಲಿನ ಮೇಲೆ ಹಾಯುವ ಸದ್ದು ಮತ್ತು ನಮ್ಮದೇ ಉಸಿರು ಮಾತ್ರ ಉಳಿಯುತ್ತವೆ. ಫೆಬ್ರುವರಿಯ ಒಂದು ಮಂಗಳವಾರ ಬೆಳಿಗ್ಗೆ ಈ ಎಂಟು ಕಿಲೋಮೀಟರ್ ಏರಿನಲ್ಲಿ ನನ್ನನ್ನು ದಾಟಿ ಹೋದದ್ದು ಎರಡು ಕಾರು, ಒಂದು ಬ್ರೆಡ್ಡಿನ ವ್ಯಾನು. ಎದುರಿಗೆ ಬಂದದ್ದು ಒಂದು ಕುರಿಮಂದೆ. ನೆತ್ತಿಯ ಹತ್ತಿರ ನಿಂತು ತಿರುಗಿ ನೋಡಿದರೆ ಕೆಳಗೆ ಕಡಲು ಹೊಳೆಯುತ್ತಿತ್ತು. ಅದರ ಅಂಚಿಗೆ ಬಿಳಿ ಬಿಳಿಯಾಗಿ ಊರುಗಳು, ಊರುಗಳ ಹಿಂದೆ ಹೆದ್ದಾರಿ. ಹೆದ್ದಾರಿಯ ಮೇಲೆ ಲಾರಿಗಳು ಇರುವೆಸಾಲಿನಂತೆ ಹರಿಯುತ್ತಿದ್ದವು. ಅಷ್ಟು ದೂರದಿಂದ ಅವುಗಳ ಸದ್ದು ಒಂದಿಷ್ಟೂ ಮೇಲಕ್ಕೆ ಬರುತ್ತಿರಲಿಲ್ಲ.

ಇದು ಸ್ಪೇನಿನ ಪೂರ್ವ ಕರಾವಳಿ. ವಲೆನ್ಸಿಯಾ ಮತ್ತು ಅಲಿಕಾಂತೆ ನಗರಗಳ ನಡುವೆ ನೆಲ ಮೆಡಿಟರೇನಿಯನ್ ಸಮುದ್ರದೊಳಕ್ಕೆ ಮೊಣಕೈ ಚಾಚಿದ ಹಾಗೆ ಕಾಣುವ ಸೀಮೆ. ಹೆಸರು ಮರೀನಾ ಅಲ್ತಾ. ದಕ್ಷಿಣ ಸ್ಪೇನಿನುದ್ದಕ್ಕೂ ಹಾದುಬರುವ ಬೇತಿಕ್ ಪರ್ವತಸಾಲು ಇಲ್ಲಿ ಕಡಲು ಮುಟ್ಟುತ್ತದೆ. ನೀರಿನಡಿಯಲ್ಲೇ ಮುಂದುವರಿದು ಇಬಿಸಾ, ಮಯೋರ್ಕಾ ದ್ವೀಪಗಳಾಗಿ ಮತ್ತೆ ತಲೆಯೆತ್ತುತ್ತದೆ. ದೇನಿಯಾ ಬಂದರಿನ ಬೆನ್ನಿಗೇ 753 ಮೀಟರ್ ಎತ್ತರದ ಮೊಂಗೊ ಬೆಟ್ಟವಿದೆ. ಕಾಲ್ಪ್ ಊರಿನಲ್ಲಿ ಇಫಾಕ್ ಎಂಬ ಬಂಡೆ ನೀರಿನಿಂದ ನೆಟ್ಟಗೆ 332 ಮೀಟರ್ ಎದ್ದು ನಿಂತಿದೆ. ಸ್ವಲ್ಪ ದಕ್ಷಿಣಕ್ಕೆ, ಬೆನಿದೋರ್ಮಿನ ಬಹುಮಹಡಿ ಹೋಟೆಲುಗಳ ಹಿಂದೆ, ಪುಚ್ ಕಂಪಾನಾ ಶಿಖರ 1,400 ಮೀಟರ್ ದಾಟುತ್ತದೆ. ಕಡಲತೀರದಲ್ಲಿ ವರ್ಷವಿಡೀ ಜಾತ್ರೆ. ಹತ್ತು ಹದಿನೈದು ಕಿಲೋಮೀಟರ್ ಒಳಕ್ಕೆ ತುಳಿದರೆ ಹಾದಿಯಲ್ಲಿ ನೀವೊಬ್ಬರೇ.

ಇಂಥ ದಾರಿಗಳನ್ನು ಹುಡುಕುವುದಕ್ಕೆ ಒಂದು ಸುಲಭದ ಉಪಾಯವಿದೆ. ವಲೆನ್ಸಿಯಾ ಪ್ರದೇಶದ ಸ್ವಂತ ರಸ್ತೆಗಳಿಗೆ 'ಸಿವಿ' ಎಂಬ ಗುರುತು, ಅದರ ಮುಂದೆ ಒಂದು ಸಂಖ್ಯೆ. ಎರಡಂಕಿಯ ರಸ್ತೆ ಎಂದರೆ ಮುಖ್ಯ ರಸ್ತೆ. ಮೂರಂಕಿ ಎಂದರೆ ಊರಿಂದೂರಿಗೆ ಹೋಗುವ ಸಣ್ಣ ರಸ್ತೆ. ನಾಲ್ಕಂಕಿ ಬಂತೆಂದರೆ ತೋಟದ ದಾರಿಗಿಂತ ತುಸು ಮೇಲು. ಅಂಕಿ ಹೆಚ್ಚಿದಷ್ಟೂ ಗದ್ದಲ ಕಡಿಮೆ. ಹಾಗಾಗಿ ನಕ್ಷೆ ಬಿಡಿಸಿ ಮೊದಲು ಮೂರಂಕಿಯ ರಸ್ತೆಗಳನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡರೆ ಅರ್ಧ ಕೆಲಸ ಮುಗಿಯಿತು. ಪೆಗೊದಿಂದ ಎಬೊ ಕಣಿವೆಗೆ ಏರುವುದು ಸಿವಿ-712. ಗಲಿನೇರಾ ಕಣಿವೆಯುದ್ದಕ್ಕೂ ಹೋಗುವುದು ಸಿವಿ-700. ಪರ್ಸೆಂತ್ ಊರಿನಿಂದ ಕೋಲ್ ದೆ ರಾತೆಸ್ ಘಾಟಿ ಹತ್ತಿ ತಾರ್ಬೆನಾಕ್ಕೆ ಇಳಿಯುವುದು ಸಿವಿ-715. ಗ್ವಾದಲೆಸ್ತ್ ಕೋಟೆಯ ಕಡೆಗೆ ಹೋಗುವುದು ಸಿವಿ-70, ಅಂದರೆ ಎರಡಂಕಿ. ನೋಡುವುದಕ್ಕೆ ಅದು ಬಹಳ ಚೆಂದದ ರಸ್ತೆಯೇ. ಆದರೆ ಬೆನಿದೋರ್ಮಿನಿಂದ ಬರುವ ಟೂರಿಸ್ಟ್ ಬಸ್ಸುಗಳೆಲ್ಲ ಅದರ ಮೇಲೇ ಓಡಾಡುತ್ತವೆ.

ಈ ದಾರಿಗಳು ಖಾಲಿಯಿರುವುದಕ್ಕೆ ಒಂದು ಕಾರಣ ಹೆದ್ದಾರಿ. ಕರಾವಳಿಗುಂಟ ಎರಡು ರಸ್ತೆಗಳಿವೆ: ಹಳೆಯ ಎನ್-332 ಮತ್ತು ಎಪಿ-7 ಎಂಬ ಮೋಟಾರು ಹೆದ್ದಾರಿ. ಎಪಿ-7ರ ಈ ಭಾಗದ ಟೋಲ್ 2020ರ ಜನವರಿ 1ರಂದು ರದ್ದಾಯಿತು. ದೂರದ ಊರಿಗೆ ಹೋಗುವ ವಾಹನಗಳನ್ನೆಲ್ಲ ಅದೇ ಹೊತ್ತೊಯ್ಯುತ್ತದೆ. ಕಣಿವೆಯೊಳಗೆ ಬರುವುದಕ್ಕೆ ಕಣಿವೆಯಲ್ಲೇ ಕೆಲಸವಿರಬೇಕು. ಅಂಥ ಕೆಲಸವಿರುವವರು ಬಹಳ ಕಡಿಮೆ.

ಯಾಕೆ ಕಡಿಮೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಎಬೊ ಕಣಿವೆಯ ನೆತ್ತಿಯಲ್ಲಿ. ಸುತ್ತಲ ಬೆಟ್ಟಗಳನ್ನು ಒಮ್ಮೆ ನೋಡಿದರೆ ಕಾಡು ಎನಿಸುತ್ತದೆ. ಬಿಸಿಲು ಓರೆಯಾದಾಗ ಮತ್ತೆ ನೋಡಿ. ಬುಡದಿಂದ ನೆತ್ತಿಯವರೆಗೆ ಗೆರೆ ಗೆರೆ. ಒಂದೊಂದು ಗೆರೆಯೂ ಕಲ್ಲುಗೋಡೆ. ಒಂದೊಂದು ಗೋಡೆಯ ಮೇಲೂ ಒಂದು ಮೆಟ್ಟಿಲಷ್ಟು ಹೊಲ. ಕೆಲವು ಎಷ್ಟು ಕಿರಿದೆಂದರೆ ಎರಡು ಬಾದಾಮಿ ಮರ ಅಡ್ಡಡ್ಡ ನಿಲ್ಲಲಾರವು. ಇಡೀ ಬೆಟ್ಟವನ್ನು ಮನುಷ್ಯರು ಕೈಯಿಂದ ಕಡೆದಿದ್ದಾರೆ. ಇಷ್ಟು ಗೋಡೆ ಕಟ್ಟಿದ ಜನ ಎಲ್ಲಿ ಹೋದರು?

ಊರ ಹೆಸರುಗಳಲ್ಲೇ ಅರ್ಧ ಉತ್ತರವಿದೆ. ಗಲಿನೇರಾ ಕಣಿವೆಯಲ್ಲಿ ಎಂಟು ಊರು. ಬೆನಿರಾಮಾ, ಬೆನಿಯಾಲಿ, ಬೆನಿಸಿವಾ, ಬೆನಿತಾಯಾ, ಲಾ ಕರೋಜಾ, ಅಲ್ಪತ್ರೊ, ಲೊಂಬಾಯ್, ಬೆನಿಸಿಲಿ. ಅರಬ್ಬಿಯಲ್ಲಿ 'ಬೆನಿ' ಎಂದರೆ ಮಕ್ಕಳು, ಮನೆತನದವರು. ಬೆನಿಯಾಲಿ ಎಂದರೆ ಅಲಿಯ ಮಕ್ಕಳ ಊರು. ಹೋಟೆಲುಗಳ ಕಾಡಾಗಿರುವ ಬೆನಿದೋರ್ಮಿಗೂ ಇದೇ 'ಬೆನಿ' ಸೇರಿದೆ. ಎಂಟನೇ ಶತಮಾನದಿಂದ ಈ ನೆಲದಲ್ಲಿ ಅರಬ್ಬಿ ಮಾತಾಡುವ ರೈತರಿದ್ದರು. ನೀರು ಹಾಯಿಸುವ ಕಾಲುವೆ, ಕೊಳ, ಮೆಟ್ಟಿಲು ಹೊಲಗಳ ಕಸುಬು ಅವರ ಕೈಯಲ್ಲಿ ಪಳಗಿತ್ತು. ಕೆಳಗಿನ ಓಲಿವಾ, ಗಾಂದಿಯಾ ಬಯಲಿನಲ್ಲಿ ಅವರು ಕಬ್ಬನ್ನೂ ಬೆಳೆದರು. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯನ್ ಮತ್ತು ಅರಬ್ಬಿ ದಾಟಿ ಸ್ಪೇನಿನಲ್ಲಿ 'ಅಸೂಕರ್' ಆಯಿತು. ನಾರಂಗವೂ ಹಾಗೆಯೇ 'ನರಾಂಖಾ' ಆಯಿತು. ಪೆಗೊದ ತೋಟದ ಪಕ್ಕ ನಿಂತು ಕಿತ್ತಳೆಯ ಸಿಪ್ಪೆ ಸುಲಿಯುವಾಗ ಆ ಪದ ನಡೆದು ಬಂದ ದೂರ ನೆನಪಾಗದೆ ಇರುವುದಿಲ್ಲ.

ಅಲ್ಕಲಾ ಕಣಿವೆಯಲ್ಲಿ ಹುಟ್ಟಿದವನು ಅಲ್-ಅಜ್ರಕ್. ಆ ಹೆಸರಿಗೆ ನೀಲಿಯವನು ಎಂದರ್ಥ. ಅವನ ಕಣ್ಣು ನೀಲಿಯಾಗಿದ್ದವಂತೆ. ಹದಿಮೂರನೇ ಶತಮಾನದಲ್ಲಿ ಅರಗಾನ್ ದೊರೆ ಮೊದಲನೇ ಜೇಮ್ಸ್ ವಲೆನ್ಸಿಯಾವನ್ನು ಗೆದ್ದಾಗ ಈ ಬೆಟ್ಟಗಳ ಕೋಟೆಗಳನ್ನು ಹಿಡಿದುಕೊಂಡು ಒಮ್ಮೆ ಒಪ್ಪಂದ, ಒಮ್ಮೆ ದಂಗೆ ಎಂದು ವರ್ಷಗಟ್ಟಲೆ ಕಾಡಿದ. 1276ರಲ್ಲಿ ಅಲ್ಕೋಯ್ ಊರಿನ ಮೇಲೆ ದಾಳಿ ಮಾಡುವಾಗ ಸತ್ತ. ಅವನು ಹೋದರೂ ಅವನ ಜನ ಹೋಗಲಿಲ್ಲ. ಗೆದ್ದವರ ಕೈಕೆಳಗೆ ಗೇಣಿದಾರರಾಗಿ ಇನ್ನೂ ಮುನ್ನೂರು ವರ್ಷ ಅದೇ ಹೊಲ ಉತ್ತರು. 1520ರ ದಶಕದಲ್ಲಿ ಅವರನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಲಾಯಿತು. ಆಗ ಅವರಿಗೆ ಬಿದ್ದ ಹೆಸರು ಮೊರಿಸ್ಕೊ.

1609ರ ಸೆಪ್ಟೆಂಬರ್ 22ರಂದು ವಲೆನ್ಸಿಯಾದಲ್ಲಿ ಡಂಗುರ ಸಾರಿದರು: ಮೊರಿಸ್ಕೊಗಳೆಲ್ಲ ಮೂರು ದಿನದೊಳಗೆ ಹೊರಡಬೇಕು. ಮೂರನೇ ಫಿಲಿಪ್ ದೊರೆ. ಅವನ ಬಲಗೈಯಾಗಿದ್ದವನು ಲೆರ್ಮಾದ ಡ್ಯೂಕ್, ದೇನಿಯಾದ ಒಡೆಯನೂ ಅವನೇ. ಹಡಗು ಹತ್ತಿಸಿದ ಬಂದರುಗಳಲ್ಲಿ ದೇನಿಯಾವೂ ಒಂದು. ವಲೆನ್ಸಿಯಾ ರಾಜ್ಯವೊಂದರಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಜನ, ಅಂದರೆ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು, ಉತ್ತರ ಆಫ್ರಿಕಾಕ್ಕೆ ಸಾಗಿಹೋದರು. ಹೋಗಲೊಲ್ಲದವರು ಲಗುವಾರ್ ಕಣಿವೆಯ ಬೆಟ್ಟಗಳಲ್ಲಿ ಸೇರಿಕೊಂಡರು. ನವೆಂಬರಿನಲ್ಲಿ ಸೈನ್ಯ ಹತ್ತಿತು. ಕವಾಲ್ ವೆರ್ದ್ ಎಂಬ ಬೆಟ್ಟದ ಬೆನ್ನಿನ ಮೇಲೆ ಎಲ್ಲ ಮುಗಿಯಿತು. ದೇನಿಯಾದಲ್ಲಿ ಹಡಗು ಹತ್ತುತ್ತಿರುವ ಜನರ ದೃಶ್ಯವನ್ನೂ ಲಗುವಾರಿನ ಕಾಳಗವನ್ನೂ 1612–13ರ ಹೊತ್ತಿಗೆ ದೊಡ್ಡ ಕ್ಯಾನ್ವಾಸುಗಳಲ್ಲಿ ಬರೆಸಿದರು. ಆ ಚಿತ್ರಗಳು ಈಗಲೂ ಇವೆ. ಬಂದರಿನ ಚಿತ್ರದಲ್ಲಿ ಮೊಂಗೊ ಬೆಟ್ಟದ ಕೆಳಗೆ ಹೆಂಗಸರು, ಮಕ್ಕಳು, ಗಂಟುಮೂಟೆ.

ಅಲ್ಕಲಾ ಕಣಿವೆಯಲ್ಲಿ ರಸ್ತೆ ಬದಿಗೆ ಸೈಕಲ್ಲು ಒರಗಿಸಿ ಸ್ವಲ್ಪ ನಡೆದರೆ ಅತ್ಸುವಿಯೆತಾ ಎಂಬ ಪಾಳು ಹಳ್ಳಿ ಸಿಗುತ್ತದೆ. ಮೊರಿಸ್ಕೊಗಳು ಬಿಟ್ಟುಹೋದ ಊರುಗಳಲ್ಲಿ ಇಷ್ಟು ಚೆನ್ನಾಗಿ ಉಳಿದವು ವಿರಳ. ಮಾಡು ಬಿದ್ದಿದೆ, ಗೋಡೆ ನಿಂತಿದೆ. ಬಾಗಿಲ ಕಮಾನಿನ ಕಲ್ಲು ನಿಂತಿದೆ. ಅಂಗಳದ ಸುತ್ತ ಕೋಣೆಗಳು. ಅಣ್ಣತಮ್ಮಂದಿರ ಸಂಸಾರಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡು ಬಾಳಿದ ಮನೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ತೊಟ್ಟಿಮನೆ ಕಂಡವರಿಗೆ ಯಾರೂ ವಿವರಿಸಬೇಕಿಲ್ಲ. ಒಲೆಯಿದ್ದ ಮೂಲೆಯಲ್ಲಿ ಈಗ ಅಂಜೂರದ ಗಿಡ ಬೆಳೆದಿದೆ.

ಖಾಲಿಯಾದ ಕಣಿವೆಗಳಿಗೆ ಜಮೀನ್ದಾರರು ಮಯೋರ್ಕಾ ದ್ವೀಪದಿಂದ ಒಕ್ಕಲುಗಳನ್ನು ಕರೆಸಿದರು. ತಾರ್ಬೆನಾ ಊರಿನಲ್ಲಿ ಅವರ ಮಾತಿನ ಜಾಡು ನಾಲ್ಕು ನೂರು ವರ್ಷ ಕಳೆದರೂ ಅಳಿದಿಲ್ಲ. ಸುತ್ತಲ ಊರುಗಳಲ್ಲಿ ನಾಮಪದದ ಮುಂದೆ 'ಎಲ್', 'ಲಾ' ಎನ್ನುವ ಕಡೆ ತಾರ್ಬೆನಾದವರು ಮಯೋರ್ಕಾದವರ ಹಾಗೆ 'ಎಸ್', 'ಸಾ' ಎನ್ನುತ್ತಾರೆ. ದ್ವೀಪದಿಂದ ತಂದ ಸೊಬ್ರಸಾದಾ ಎಂಬ ಕೆಂಪು ಸಾಸೇಜು ಇಂದಿಗೂ ಆ ಊರಿನ ಹೆಮ್ಮೆ.

ತಾರ್ಬೆನಾಕ್ಕೆ ಹೋಗುವ ದಾರಿ ಈ ಸೀಮೆಯಲ್ಲೇ ಹೆಸರಾದ ಏರು. ಪರ್ಸೆಂತ್ ಊರಿನಿಂದ ಕೋಲ್ ದೆ ರಾತೆಸ್ ನೆತ್ತಿಗೆ ಸುಮಾರು ಆರೂವರೆ ಕಿಲೋಮೀಟರ್, ನೂರು ಮೀಟರಿಗೆ ಐದು ಮೀಟರಿನಂತೆ ಒಂದೇ ಸಮನೆ ಏರುತ್ತದೆ. ನೆತ್ತಿ 620 ಮೀಟರಿಗೂ ತುಸು ಮೇಲೆ. ನಂದಿಬೆಟ್ಟ ಹತ್ತಿದ ಕಾಲಿಗೆ ಇದು ಹೊಸದೆನಿಸುವುದಿಲ್ಲ. ನಂದಿಯ ಕೊನೆಯ ತಿರುವುಗಳ ಕಡಿದು ಇಲ್ಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಯುರೋಪಿನ ವೃತ್ತಿಪರ ತಂಡಗಳು ಹಿಮದಿಂದ ತಪ್ಪಿಸಿಕೊಂಡು ಕಾಲ್ಪ್, ದೇನಿಯಾ, ಬೆನಿದೋರ್ಮಿನ ಹೋಟೆಲುಗಳಿಗೆ ಬರುತ್ತವೆ. ಆಗ ರಾತೆಸ್ ಏರಿನಲ್ಲಿ ದೊಡ್ಡ ದೊಡ್ಡ ಸ್ಪರ್ಧೆಗಳ ಸವಾರರು ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ಮಾತಾಡಿಕೊಂಡು ಹತ್ತುವುದನ್ನು ಕಾಣಬಹುದು. ನಾವು ಬಾಯಿ ತೆರೆದು ಏದುಸಿರು ಬಿಡುವ ಜಾಗದಲ್ಲಿ ಅವರು ಬಾಯಿ ತೆರೆಯುವುದು ಮಾತಿಗೆ. ಹಾಗೆಂದು ರಾತೆಸ್ ಗದ್ದಲದ ಜಾಗ ಎನ್ನಲಾರೆ. ಆದರೆ ಏಕಾಂತ ಬೇಕೆಂದರೆ ನೆತ್ತಿಯಲ್ಲಿ ನಿಲ್ಲದೆ ತಾರ್ಬೆನಾಕ್ಕೆ ಹೋಗಿ, ಅಲ್ಲಿಂದ ಕಾಸ್ತೆಲ್ ದೆ ಕಾಸ್ತೆಲ್ಸ್ ಕಡೆಗೆ ತಿರುಗಬೇಕು. ಮುಕ್ಕಾಲು ಪಾಲು ಸವಾರರು ರಾತೆಸ್ ಮುಟ್ಟಿ ಹಿಂದಿರುಗುತ್ತಾರೆ. ಮುಂದಿನ ದಾರಿ ನಿಮ್ಮದು.

ಕಾಸ್ತೆಲ್ ದೆ ಕಾಸ್ತೆಲ್ಸಿನಿಂದ ಸಿವಿ-720 ಹಿಡಿದು ಬೆನಿಜೆಂಬ್ಲಾ, ಪರ್ಸೆಂತ್ ಎಂದು ಇಳಿದರೆ ಸುತ್ತು ಮುಗಿಯುತ್ತದೆ. ಎಲ್ಲ ಸೇರಿ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಳಿಯುವ ದಾರಿಯಲ್ಲಿ ಪೆತ್ರಾಕೋಸ್ ಎಂಬಲ್ಲಿ ಬಂಡೆಯ ಪೊಟರೆಗಳಲ್ಲಿ ಸುಮಾರು 8,000 ವರ್ಷ ಹಳೆಯ ಚಿತ್ರಗಳಿವೆ. ಕಡುಗೆಂಪು ಬಣ್ಣದಲ್ಲಿ ಎರಡೂ ಕೈ ಮೇಲೆತ್ತಿ ನಿಂತ ಆಕೃತಿ. 1998ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಶಿಲಾಚಿತ್ರಗಳಲ್ಲಿ ಇವೂ ಸೇರಿವೆ. ರಸ್ತೆಯಿಂದ ಸ್ವಲ್ಪ ನಡೆಯಬೇಕು, ಸೈಕಲ್ ಶೂ ಹಾಕಿಕೊಂಡು ಆ ಕಲ್ಲುದಾರಿ ಕಷ್ಟ. ಚಪ್ಪಲಿಯೊಂದನ್ನು ಬೆನ್ನಚೀಲದಲ್ಲಿಟ್ಟುಕೊಂಡದ್ದು ನನಗೆ ಒದಗಿತು.

ಅಷ್ಟು ಹೆಸರುವಾಸಿಯಲ್ಲದಿದ್ದರೂ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇನ್ನೊಂದು ಸುತ್ತು: ಪೆಗೊದಿಂದ ಎಬೊ, ಅಲ್ಲಿಂದ ಅಲ್ಕಲಾ, ಅಲ್ಲಿಂದ ಇಳಿದು ಗಲಿನೇರಾ ಕಣಿವೆಯ ಎಂಟೂರು ಹಾದು ಮತ್ತೆ ಪೆಗೊ. ಐವತ್ತು ಅರವತ್ತು ಕಿಲೋಮೀಟರ್. ಎಬೊ ಏರು ಒಂದು ಗಂಟೆ ತಿನ್ನುತ್ತದೆ. ಆಮೇಲೆ ಎತ್ತರದ ಬಯಲು, ಕಲ್ಲುನೆಲ, ರೋಸ್‌ಮೇರಿ ಪೊದೆ, ಅದರ ಮೇಲೆ ಜೇನ್ನೊಣ. ಸುಣ್ಣಕಲ್ಲಿನ ಬೆಟ್ಟವಾದ್ದರಿಂದ ಮಳೆ ಬಿದ್ದ ನೀರು ಬಿರುಕುಗಳಲ್ಲಿಳಿದು ಮಾಯವಾಗುತ್ತದೆ. ಹೊಳೆ ಎಂದು ನಕ್ಷೆಯಲ್ಲಿ ಬರೆದಿರುವಲ್ಲೆಲ್ಲ ಬಿಳಿ ಕಲ್ಲು. ಜಿರೋನಾ ಎಂಬ ಅಂಥದೇ ಒಣ ಹೊಳೆ ಈ ಕಣಿವೆಗಳಲ್ಲಿ ಹುಟ್ಟಿ, ನರಕದ ಕಮರಿ ಎಂದು ಕರೆಸಿಕೊಳ್ಳುವ ಸೀಳಿನಲ್ಲಿ ಹಾದು ಕಡಲಿಗೆ ಹೋಗುತ್ತದೆ. 2007ರ ಅಕ್ಟೋಬರಿನ ಒಂದು ಮಳೆಗೆ ಅದು ಉಕ್ಕಿ ಬೆನಿಯಾರ್ಬೆಚ್ ಊರಿನ ಸೇತುವೆಯನ್ನೇ ಕೆಡವಿತು. ಶರತ್ಕಾಲದ ಈ ಮಳೆಗೆ ಸ್ಥಳೀಯರು 'ತಣ್ಣನೆಯ ಹನಿ' ಎನ್ನುತ್ತಾರೆ. ಹೆಸರು ಮೃದು, ಸುರಿಯುವ ರೀತಿ ಮಾತ್ರ ನಮ್ಮ ಆಗುಂಬೆಯ ಜುಲೈ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗುವವರು ಹವಾಮಾನದ ಎಚ್ಚರಿಕೆ ನೋಡದೆ ಕಣಿವೆಗಿಳಿಯಬಾರದು.

ಗಲಿನೇರಾ ಕಣಿವೆಯಲ್ಲಿ ಚೆರ್ರಿ ಮರಗಳು. ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಅವು ಹೂ ಬಿಡುತ್ತವೆ. ಬಾದಾಮಿ ಅದಕ್ಕೂ ಮುಂಚೆ, ಜನವರಿ ಕೊನೆಯಿಂದ ಫೆಬ್ರುವರಿಯವರೆಗೆ. ಕಣಿವೆಯ ದಕ್ಷಿಣದ ಗೋಡೆಯಂಥ ಬೆಟ್ಟದ ನೆತ್ತಿಯಲ್ಲಿ ಬಂಡೆಗೆ ಒಂದು ತೂತಿದೆ, ಪೆನ್ಯಾ ಫೊರದಾ ಎಂದು ಹೆಸರು. ವರ್ಷಕ್ಕೆ ಎರಡು ಸಲ, ಮಾರ್ಚ್ 8ರ ಮತ್ತು ಅಕ್ಟೋಬರ್ 4ರ ಆಸುಪಾಸಿಗೆ, ಇಳಿಹೊತ್ತಿನ ಸೂರ್ಯ ಆ ತೂತಿನೊಳಗಿಂದ ಹಾದು ಬೆನಿತಾಯಾ ಹತ್ತಿರ ಹಿಂದೆ ಫ್ರಾನ್ಸಿಸ್ಕನ್ ಮಠವಿದ್ದ ಜಾಗದ ಮೇಲೆ ಬೆಳಕು ಚೆಲ್ಲುತ್ತಾನೆ. ಅಕ್ಟೋಬರ್ 4 ಸಂತ ಫ್ರಾನ್ಸಿಸರ ದಿನ.

ಈ ಕಣಿವೆಯಲ್ಲೇ ನನ್ನ ಹಿಂದಿನ ಟೈರು ಪಂಕ್ಚರ್ ಆಯಿತು. ಟ್ಯೂಬು ಬದಲಿಸುವಾಗ ಮೇಲಿನ ತೋಟದಿಂದ ಕಲ್ಲಿಗೆ ಕಲ್ಲು ತಾಗುವ ಸದ್ದು ಕೇಳುತ್ತಿತ್ತು. ಎದ್ದು ನೋಡಿದರೆ ಎಪ್ಪತ್ತೈದರ ಮೇಲಿನ ಒಬ್ಬ ಅಜ್ಜ. ಚಳಿಗಾಲದ ಮಳೆಗೆ ಗೋಡೆಯ ಒಂದು ಭಾಗ ಹೊಟ್ಟೆಬಿಟ್ಟು ಕುಸಿದಿತ್ತು, ಎರಡು ಮಾರಿನಷ್ಟು ಅಗಲ. ನನ್ನ ಮುರುಕು ಸ್ಪ್ಯಾನಿಷ್, ಅವರ ವಲೆನ್ಸಿಯನ್. ಆದರೂ ಅವರು ಮಾಡುತ್ತಿದ್ದುದನ್ನು ಕಣ್ಣಿನಿಂದ ಕಲಿಯಬಹುದಿತ್ತು. ಗಾರೆಯಿಲ್ಲ, ಮಣ್ಣಿಲ್ಲ, ಬರೀ ಕಲ್ಲು. ಒಂದೊಂದನ್ನೂ ಕೈಯಲ್ಲಿ ಎರಡು ಸಲ ತಿರುಗಿಸಿ ನೋಡುತ್ತಿದ್ದರು. ಮೂರನೆಯ ಸಲ ತಿರುಗಿಸಿದ್ದನ್ನು ನಾನು ಕಾಣಲಿಲ್ಲ. ಕೆಳಗಿನ ಎರಡು ಕಲ್ಲಿನ ಸಂದಿಯ ಮೇಲೆ ಮೇಲಿನ ಕಲ್ಲಿನ ನಡು ಬರಬೇಕು. ಉದ್ದನೆಯ ಕಲ್ಲಾದರೆ ಅದರ ಬಾಲ ಗೋಡೆಯೊಳಕ್ಕೆ ಹೋಗಬೇಕು, ಮುಖ ಮಾತ್ರ ಹೊರಗೆ. ಅಲುಗಾಡಿದರೆ ಹಿಂದಿನಿಂದ ಚಕ್ಕೆಕಲ್ಲು ಒತ್ತುತ್ತಿದ್ದರು, ಮುಂದಿನಿಂದ ಎಂದಿಗೂ ಇಲ್ಲ. ಗೋಡೆ ನೆಟ್ಟಗಿರದೆ ಬೆಟ್ಟಕ್ಕೆ ತುಸು ಒರಗಿಕೊಂಡಿತ್ತು. ಹಿಂದೆ ಒಂದು ಮೊಳದಷ್ಟು ಸಣ್ಣಕಲ್ಲು ತುಂಬಿದ್ದರು. ನಾನು ಅದರ ಮೇಲೆ ಕೈಯಿಟ್ಟು ಕೇಳುವಂತೆ ನೋಡಿದಾಗ ಅವರು ನನ್ನ ನೀರಿನ ಬಾಟಲಿ ತೆಗೆದುಕೊಂಡು ಮೇಲಿಂದ ಸುರಿದರು. ನೀರು ಸಣ್ಣಕಲ್ಲುಗಳ ನಡುವೆ ಇಳಿದು ಗೋಡೆಯ ಬುಡದ ಸಂದಿಯಲ್ಲಿ ತೇವವಾಗಿ ಹೊರಬಂತು. ಗಾರೆ ಹಾಕಿದ್ದರೆ ನೀರು ಹಿಂದೆ ನಿಂತು ಗೋಡೆಯನ್ನೇ ತಳ್ಳುತ್ತಿತ್ತು. ಈ ಗೋಡೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುತ್ತದೆ. ನಮ್ಮ ಕಡೆ ಒಡ್ಡು ಹಾಕುವ ರೈತನಿಗೆ ಇದು ತಕ್ಷಣ ಅರ್ಥವಾಗುತ್ತದೆ.

2018ರಲ್ಲಿ ಯುನೆಸ್ಕೊ ಈ ಒಣಕಲ್ಲಿನ ಕಸುಬನ್ನು ಮನುಕುಲದ ಪರಂಪರೆಯೆಂದು ಗುರುತಿಸಿತು. ಸ್ಪೇನ್ ಸೇರಿ ಎಂಟು ದೇಶಗಳ ಹೆಸರಿನಲ್ಲಿ. ಗೋಡೆ ಕಟ್ಟುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ, ಏಕೆಂದರೆ 1609ರ ಆಮೇಲೂ ಜನ ಹೋಗುತ್ತಲೇ ಇದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಬೆಟ್ಟಗಳ ಬುಡದಲ್ಲೆಲ್ಲ ದ್ರಾಕ್ಷಿ ಬೆಳೆದು, ಗೊಂಚಲನ್ನು ಕುದಿಯುವ ಕ್ಷಾರದ ನೀರಿನಲ್ಲಿ ಒಮ್ಮೆ ಅದ್ದಿ, ಬಿಸಿಲಿಗೆ ಹರಡಿ ಒಣದ್ರಾಕ್ಷಿ ಮಾಡುತ್ತಿದ್ದರು. ಮೋಡ ಕವಿದರೆ ಎಳೆದಿಡುವುದಕ್ಕೆ ಕಮಾನು ಕಮಾನಿನ ಜಗಲಿಗಳಿದ್ದವು. ಅವಕ್ಕೆ ರಿಯುರಾವು ಎನ್ನುತ್ತಾರೆ. ಶಾಲೊ, ಜೆಸುಸ್ ಪೋಬ್ರೆ ಕಡೆ ರಸ್ತೆಯ ಬದಿಗೆ ಈಗಲೂ ಅವು ಕಾಣುತ್ತವೆ. ದೇನಿಯಾ ಬಂದರಿನಿಂದ ಆ ದ್ರಾಕ್ಷಿ ಇಂಗ್ಲೆಂಡಿಗೆ ಹೋಗುತ್ತಿತ್ತು. ವ್ಯಾಪಾರಕ್ಕೆ ಬಂದು ಇಲ್ಲೇ ತೀರಿಕೊಂಡ ಇಂಗ್ಲಿಷರ ಸ್ಮಶಾನವೊಂದು ಊರಿನಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫೈಲೋಕ್ಸೆರಾ ಹುಳ ಬೇರುಗಳನ್ನು ತಿಂದುಹಾಕಿತು. ತೋಟ ಕಳೆದುಕೊಂಡವರು ಅಲ್ಜೀರಿಯಾಕ್ಕೆ ಕೂಲಿಗೆ ಹೋದರು, ಕೆಲವರು ನ್ಯೂಯಾರ್ಕಿಗೂ ಹೋದರು. ಮೊರಿಸ್ಕೊಗಳನ್ನು ಅಟ್ಟಿದ ಅದೇ ಕಡಲದಾರಿಯಲ್ಲಿ, ಅವರ ಹೊಲಕ್ಕೆ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಹೊರಟರು. 1960ರ ದಶಕದಿಂದ ಬೆನಿದೋರ್ಮಿನ ಹೋಟೆಲುಗಳು ಉಳಿದವರನ್ನು ಕರೆದುಕೊಂಡವು. ಈಗ ಗಲಿನೇರಾದ ಎಂಟೂರು ಸೇರಿಸಿದರೂ ಸಾವಿರ ಜನ ಇಲ್ಲ. ಮೇಲಿನ ತೊಲ್ಯೋಸ್, ಫಮೊರ್ಕಾ ಹಳ್ಳಿಗಳಲ್ಲಿ ಒಂದೊಂದರಲ್ಲೂ ನೂರು ಜನ ಸಿಗುವುದಿಲ್ಲ.

ನಾವು ಸವಾರರು ಹುಡುಕಿಕೊಂಡು ಬರುವ ಮೌನ ಹೀಗೆ ಆದದ್ದು. ಅದಕ್ಕೊಂದು ಬೆಲೆಯೂ ಇದೆ. ಹೊಲ ಬಿಟ್ಟಲ್ಲಿ ಗೋಡೆ ಕುಸಿಯುತ್ತದೆ, ಮಣ್ಣು ಹೋಗುತ್ತದೆ, ಕುರುಚಲು ಮತ್ತು ಪೈನ್ ಒತ್ತೊತ್ತಾಗಿ ಬೆಳೆಯುತ್ತವೆ. ಹಿಂದೆ ಬೆಂಕಿ ಬಿದ್ದರೆ ಉತ್ತ ಹೊಲಕ್ಕೆ ಬಂದು ನಿಲ್ಲುತ್ತಿತ್ತು. ಈಗ ತಡೆಯುವುದಕ್ಕೆ ಹೊಲವೇ ಇಲ್ಲ. 2022ರ ಆಗಸ್ಟ್ 13ರಂದು ಎಬೊ ಕಣಿವೆಯಲ್ಲಿ ಬಿದ್ದ ಸಿಡಿಲು ಹತ್ತಿಸಿದ ಬೆಂಕಿ ಹತ್ತಿರ ಹತ್ತಿರ 12,000 ಹೆಕ್ಟೇರ್ ಸುಟ್ಟಿತು. ರಸ್ತೆಯ ಎರಡೂ ಬದಿಗೆ ಕಪ್ಪು ಬೊಡ್ಡೆಗಳು ಇನ್ನೂ ನಿಂತಿದ್ದವು, ಬುಡದಲ್ಲಿ ಹಸಿರು ಚಿಗುರಿತ್ತು. ಬೆಂಕಿ ಪೊದೆಗಳನ್ನೆಲ್ಲ ಬಳಿದುಕೊಂಡು ಹೋದ ಮೇಲೆ ಅಡಿಯಲ್ಲಿದ್ದ ಹಳೆಯ ಗೋಡೆಗಳು, ಎಲ್ಲರೂ ಮರೆತುಹೋಗಿದ್ದ ನೂರಾರು ಗೋಡೆಗಳು, ಒಂದೊಂದಾಗಿ ಹೊರಗೆ ಕಂಡಿವೆ.

ಲಗುವಾರ್ ಕಣಿವೆಗೆ ಒರ್ಬಾ ಊರಿನಿಂದ ಏರುವ ರಸ್ತೆಯಲ್ಲಿ ಬೇರೊಂದು ಬಗೆಯ ಗೋಡೆ ಇದೆ. ಫೊಂತಿಲೆಸ್ ಎಂಬ ಕುಷ್ಠರೋಗಿಗಳ ಆಸ್ಪತ್ರೆ ಅಲ್ಲಿ 1909ರಲ್ಲಿ ಶುರುವಾಯಿತು. ರೋಗಿಗಳು ಹೊರಗೆ ಬರಬಾರದೆಂದು ಸುತ್ತ ಮೂರು ಕಿಲೋಮೀಟರಿಗೂ ಉದ್ದದ ಎತ್ತರದ ಗೋಡೆ ಎತ್ತಿದರು. ಔಷಧ ಬಂದು ರೋಗ ಗುಣವಾಗತೊಡಗಿದ ಮೇಲೆ ಗೋಡೆಗೆ ಕೆಲಸವಿಲ್ಲವಾಯಿತು. ಆ ಸಂಸ್ಥೆ ಈಗ ಭಾರತದಲ್ಲೂ ಕುಷ್ಠರೋಗದ ಕೆಲಸಕ್ಕೆ ನೆರವಾಗುತ್ತಿದೆ. ಅದನ್ನು ದಾಟಿ ಕಂಪೆಲ್, ಫ್ಲೆಶ್, ಬೆನಿಮೌರೆಲ್ ಎಂದು ಒಂದರ ಮೇಲೊಂದು ಮೂರು ಊರು. ಮುಖ್ಯರಸ್ತೆ ಬೆನಿಮೌರೆಲ್‌ನಲ್ಲಿ ಮುಗಿಯುತ್ತದೆ. ಮುಂದೆಲ್ಲೂ ಹೋಗದ ರಸ್ತೆಗಿಂತ ನಿಶ್ಶಬ್ದವಾದ ರಸ್ತೆ ಸೈಕಲ್ಲಿನವರಿಗೆ ಬೇರೆ ಇಲ್ಲ.

ಹೋಗಬೇಕೆಂದಿರುವವರಿಗೆ ಒಂದೆರಡು ಮಾತು. ಫೆಬ್ರುವರಿಯಿಂದ ಮೇ ಒಳ್ಳೆಯ ಕಾಲ. ಆಗಸ್ಟಿನಲ್ಲಿ ಬಿಸಿಲೂ ಬೆಂಕಿಯ ಭಯವೂ ಒಟ್ಟಿಗೇ ಇರುತ್ತವೆ. ದೇನಿಯಾ, ಕಾಲ್ಪ್ ಎರಡು ಕಡೆಯೂ ಒಳ್ಳೆಯ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಮಂಡಿ ಉಳಿಯುತ್ತದೆ. ಊರೂರಿನಲ್ಲಿ ಸಾರ್ವಜನಿಕ ಕಾರಂಜಿಯಿದೆ, ಅಲ್ಲಿ ಬಾಟಲಿ ತುಂಬಿಕೊಳ್ಳಬಹುದು. ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಸ್ಪೇನಿನ ಕಾನೂನಿನಂತೆ ಕಾರು ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು, ಇಬ್ಬರು ಸವಾರರು ಜೋಡಿಯಾಗಿ ಹೋಗುವುದಕ್ಕೂ ಅವಕಾಶವಿದೆ. ಮೊದಲ ದಿನ ಬೆನ್ನ ಹಿಂದೆ ಒಂದು ಕಾರು ನಿಧಾನ ಮಾಡಿ, ಹಾರ್ನ್ ಹಾಕದೆ, ಮುಂದಿನ ತಿರುವು ಕಳೆಯುವವರೆಗೂ ಬಂತು. ಏನೋ ತೊಂದರೆಯಾಗಿದೆ ಎಂದುಕೊಂಡು ನಾನೇ ಕೆಳಗಿಳಿದು ನಿಂತೆ. ಚಾಲಕಿ ಕೈಯೆತ್ತಿ ಹೋದರು. ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ ತುಳಿಯುವ ನನಗೆ ಆ ಕ್ಷಣ ಗಂಟಲು ಕಟ್ಟಿತು ಎಂದರೆ ಹೆಚ್ಚಾಗಲಿಕ್ಕಿಲ್ಲ. ಒಂದು ರಸ್ತೆಯ ಶಾಂತಿ ಅದರ ಮೇಲೆ ಎಷ್ಟು ವಾಹನ ಓಡುತ್ತವೆ ಎಂಬುದರಷ್ಟೇ, ಓಡುವ ಒಂದೊಂದು ವಾಹನ ಹೇಗೆ ಓಡುತ್ತದೆ ಎಂಬುದರ ಮೇಲೂ ನಿಂತಿದೆ.

ಹತ್ತು ಗಂಟೆಗೆ ಊರ ಬಾರಿನಲ್ಲಿ ನಿಲ್ಲಲೇಬೇಕು. ಇಲ್ಲಿನವರಿಗೆ ಬೆಳಗಿನ ಎರಡನೆಯ ತಿಂಡಿ ದೊಡ್ಡದು, ಎಸ್ಮೊರ್ಸಾರ್ ಎನ್ನುತ್ತಾರೆ. ಹೊಲದಿಂದ ಬಂದವರು, ಸೈಕಲ್ಲಿನಿಂದ ಇಳಿದವರು ಒಂದೇ ಮೇಜಿಗೆ ಕೂರುತ್ತಾರೆ. ಕೇಳದೆಯೇ ಒಂದು ತಟ್ಟೆ ಸಿಪ್ಪೆಸಹಿತ ಕಡಲೆಕಾಯಿ, ಒಂದು ತಟ್ಟೆ ಆಲಿವ್ ಬರುತ್ತದೆ, ಆಮೇಲೆ ತೋಳುದ್ದದ ಬ್ರೆಡ್ಡು. ಮಾಂಸ ತಿನ್ನದವರು ಬಟಾಟೆಯ ಆಮ್ಲೆಟ್ ಅಥವಾ ತರಕಾರಿ ಹಾಕಿದ ಕೋಕಾ ರೊಟ್ಟಿ ಕೇಳಬಹುದು. ಕೊನೆಗೆ ಕೆಲವರು ಕ್ರೆಮಾಯೆತ್ ಕುಡಿಯುತ್ತಾರೆ: ಸಕ್ಕರೆ, ದಾಲ್ಚಿನ್ನಿ, ನಿಂಬೆಸಿಪ್ಪೆಯ ಜೊತೆ ರಮ್ಮನ್ನು ಉರಿಸಿ ಅದರ ಮೇಲೆ ಕಾಫಿ ಹಾಕಿದ್ದು. ಈ ಬಾರುಗಳು ಉಳಿದರೆ ಆ ಊರಿಗೊಂದು ಬಾಗಿಲು ತೆರೆದಿರುತ್ತದೆ. ಆದ್ದರಿಂದ ನನ್ನದೊಂದು ಕೋರಿಕೆ: ಕಡಲತೀರದ ಸೂಪರ್‌ ಮಾರ್ಕೆಟ್ಟಿನಲ್ಲಿ ಜೇಬು ತುಂಬಿಸಿಕೊಂಡು ಬಂದು ಬೆಟ್ಟದ ಮೌನವನ್ನಷ್ಟೇ ತೆಗೆದುಕೊಂಡು ಹೋಗಬೇಡಿ. ತಿನ್ನುವುದನ್ನು ಮೇಲೆ ತಿನ್ನಿ, ಚೆರ್ರಿ, ಬಾದಾಮಿ, ಜೇನುತುಪ್ಪ ಮೇಲೇ ಕೊಳ್ಳಿ.

ಮೂರು ದಿನ ಕಳೆದು ಹೊರಡುವ ಮುನ್ನ ಗಲಿನೇರಾ ಸುತ್ತನ್ನು ಇನ್ನೊಮ್ಮೆ ತುಳಿದೆ, ಈ ಸಲ ಉಲ್ಟಾ. ಪಂಕ್ಚರ್ ಆದ ಜಾಗದಲ್ಲಿ ಇಳಿದು ನೋಡಿದರೆ ಅಜ್ಜ ಇರಲಿಲ್ಲ. ಕುಸಿದ ಭಾಗ ಸೊಂಟದೆತ್ತರಕ್ಕೆ ಬಂದಿತ್ತು. ಹಳೆಯ ಕಲ್ಲಿಗೆ ಬೂದಿ ಬಣ್ಣದ ಪಾಚಿ ಹಿಡಿದಿತ್ತು, ಹೊಸದಾಗಿ ಕೂರಿಸಿದ ಕಲ್ಲುಗಳಲ್ಲಿ ಕೆಲವು ಒಳಮುಖ ಹೊರಗಾಗಿ ಬೆಳ್ಳಗಿದ್ದವು. ಮೇಲಿನ ವರಸೆಗೆ ಆರಿಸಿಟ್ಟ ಏಳೆಂಟು ಚಪ್ಪಟೆ ಕಲ್ಲು ಹುಲ್ಲಿನ ಮೇಲೆ ಸಾಲಾಗಿದ್ದವು, ಅವುಗಳ ಪಕ್ಕ ಒಂದು ಸುತ್ತಿಗೆ.